ಮೂರು ಸಲ ತುಳಿಯಬೇಕಿದ್ದ ಬ್ರೇಕು

ಹೆಸರು: ಸೈಮಾ ರಿಂತಾಮಾಕಿ, ಗಂಡ ದಿವಂಗತ ಒನ್ನಿ ರಿಂತಾಮಾಕಿ. ವಯಸ್ಸು: ಅರವತ್ತೊಂದು. ಕೆಲಸ: ಕೆಟಲ್ ಹಿಲ್ ಶಾಲೆಯಲ್ಲಿ ಅಡುಗೆಯವಳಾಗಿದ್ದು ಈಗ ನಿವೃತ್ತಿ. ವಾಸ: ಕ್ವಾರಿ ರಸ್ತೆಯ ಮೇಲ್ತುದಿ, ಕೆಟಲ್ ಹಿಲ್, ಉತ್ತರ ಮಿಷಿಗನ್.

ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು, ಅಧಿಕಾರಿಗಳ ಎದುರು ಕೂತು ಬರೆಸುತ್ತಿರುವ ಸಂಗತಿ ಹೀಗಿದೆ:

ಕಳೆದ ಶನಿವಾರ, ಏಪ್ರಿಲ್ 29ರಂದು ಬೆಳಿಗ್ಗೆ ಕ್ವಾರಿ ರಸ್ತೆಯ ಇಳಿಜಾರಿನಲ್ಲಿ ಲೆಂಪಿ ಲಾಹ್ತಿ ಎಂಬುವರಿಗೆ ಪಿಕಪ್ ಗಾಡಿ ಗುದ್ದಿದಾಗ ಆ ಗಾಡಿಯೊಳಗೆ ನಾನಿದ್ದೆ. ಓಡಿಸುತ್ತಿದ್ದವಳು ಅರಸೆಲಿ. ಅವಳು ನನ್ನ ತಮ್ಮ ಅರ್ವೊ ಕೆಂಪೈನೆನ್‌ನ ಸೊಸೆ, ಅವನ ಮಗ ನೀಲೊನ ಹೆಂಡತಿ. ವಯಸ್ಸು ಇಪ್ಪತ್ತಾರು, ತವರು ಮರುಭೂಮಿಯ ಅರಿಜೋನಾ. ಗಾಡಿ ಅರ್ವೊನದು. ಒಳಗಿದ್ದವರು ನಾವಿಬ್ಬರೇ. ಆದರೂ ಒಂದು ವಾರದಿಂದ ಗಾಡಿಯೊಳಗೆ ಇಲ್ಲದವರೆಲ್ಲ ಊರಿನಲ್ಲಿ ಸಾಕ್ಷಿ ಹೇಳುತ್ತಿದ್ದಾರೆ. ಅದಕ್ಕೇ ಬಂದೆ.

ಮೊದಲು ಆದದ್ದನ್ನು ಮೊದಲು ಹೇಳಬೇಕೆಂದು ಅಧಿಕಾರಿಗಳು ಸೂಚಿಸಿದ್ದರಿಂದ ಗಾಡಿಯಿಂದಲೇ ಶುರುಮಾಡುತ್ತೇನೆ. ಅದು ಇಪ್ಪತ್ತು ವರ್ಷ ದಾಟಿದ ಗಾಡಿ. ಬಣ್ಣ ನೀಲಿ ಎಂದು ಕಾಗದದಲ್ಲಿದೆ. ಚಕ್ರದ ಸುತ್ತ ಈಗ ಕಂದು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ನಮ್ಮ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಹಿಮ ಕರಗುತ್ತದೆ, ಜೊತೆಗೆ ಕಬ್ಬಿಣವೂ ಕರಗುತ್ತದೆ. ನಮ್ಮ ರಾಜ್ಯದಲ್ಲಿ ವರ್ಷಕ್ಕೊಮ್ಮೆ ಗಾಡಿಯ ಹೊಟ್ಟೆಯಡಿ ಬಗ್ಗಿ ನೋಡಿ ಚೀಟಿ ಅಂಟಿಸುವ ಪದ್ಧತಿ ಇಲ್ಲ. ಆದ್ದರಿಂದ ಯಾರೂ ಬಗ್ಗುವುದಿಲ್ಲ. ಗಾಡಿಯ ಕೀಲಿಯನ್ನು ಅರ್ವೊ ಗಾಡಿಯಲ್ಲೇ ಬಿಡುತ್ತಾನೆ. ಇಲ್ಲಿ ಎಲ್ಲರೂ ಹಾಗೆಯೇ. ಬೇಕಾದವರು ಒಯ್ಯುತ್ತಾರೆ, ಕೆಲಸ ಮುಗಿಸಿ ತಂದು ನಿಲ್ಲಿಸುತ್ತಾರೆ. ಕೀಲಿ ಕಿತ್ತುಕೊಂಡು ಹೋಗುವವನನ್ನು ಜಿಪುಣ ಎನ್ನುತ್ತಾರೆ.

ಅರಸೆಲಿ ಆ ಗಾಡಿಯನ್ನು ಅದುವರೆಗೆ ಓಡಿಸಿರಲಿಲ್ಲ. ಅವಳಿಗೆ ತವರಿನಿಂದ ತಂದ ಸಣ್ಣ ಕಾರು ಇದೆ. ಅದರಲ್ಲೇ ಎರಡು ಚಳಿಗಾಲ ಕಳೆದಿದ್ದಾಳೆ, ಒಮ್ಮೆಯೂ ಹಳ್ಳಕ್ಕೆ ಇಳಿಸಿಲ್ಲ. ನನ್ನ ತಮ್ಮ ಇಳಿಸಿದ್ದಾನೆ, ಒಂದಕ್ಕಿಂತ ಹೆಚ್ಚು ಸಲ. ನೀಲೊ ನಮ್ಮ ದೊಡ್ಡ ಸರೋವರಗಳ ಸರಕು ಹಡಗಿನಲ್ಲಿ ಕೆಲಸಕ್ಕಿದ್ದು, ಮಾರ್ಚ್ ಕೊನೆಯಲ್ಲಿ ಹೋದವನು ಇನ್ನೂ ಬಂದಿಲ್ಲ. ಅವಳು ಮಾವನ ಮನೆಯಲ್ಲೇ ಇರುತ್ತಾಳೆ.

ಆ ಶನಿವಾರ ನಮ್ಮ ಚರ್ಚಿನ ಪೇಸ್ಟಿ ಮಾರಾಟವಿತ್ತು. ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ ಬೇಯಿಸುವ ಈ ಕಡುಬನ್ನು ಮೇಲಿನ ಶಾಲೆಯ ದೊಡ್ಡ ಒಲೆಗಳಲ್ಲಿ ಮಾಡಿ, ಇಳಿಜಾರಿನ ಬುಡದಲ್ಲಿರುವ ಚರ್ಚಿನ ಸಭಾಂಗಣಕ್ಕೆ ಒಯ್ದು ಮಾರುವುದು ವಾಡಿಕೆ. ಹೆಂಗಸರೆಲ್ಲ ಬೆಳಕು ಹರಿಯುವ ಮೊದಲೇ ಸೇರಿದ್ದೆವು. ಅಂಚು ಮಡಿಚುವವರ ಮೇಲ್ವಿಚಾರಣೆ ಲೆಂಪಿಯದು. ಅವಳಿಗೆ ಎಪ್ಪತ್ತೆರಡು ವರ್ಷ, ಬಾಯಿ ಚೂರಿ. ನನ್ನ ಮಡಿಕೆಯನ್ನು ಮೂವತ್ತು ವರ್ಷದಿಂದ ಹಳಿದವಳು ಅಂದು ಅರಸೆಲಿಯ ಕೈ ನೋಡಿ, "ಈ ಹುಡುಗಿ ನಮ್ಮೆಲ್ಲರಿಗಿಂತ ಚೆನ್ನಾಗಿ ಮಡಿಸ್ತಾಳಲ್ರೇ! ಎಲ್ಲಿ ಕಲಿತೆ?" ಎಂದು ಕೇಳಿದಳು.

ಅರಸೆಲಿ ತನ್ನ ಅಜ್ಜಿಯಿಂದ ಕಲಿತದ್ದಾಗಿಯೂ, ಅವರ ಕಡೆಯ ಕಡುಬಿಗೆ ಮೆಣಸಿನಕಾಯಿ ಬೀಳುವುದಾಗಿಯೂ ಹೇಳಿದಳು.

"ಹಾಗಾದ್ರೆ ಒಂದಕ್ಕೆ ಹಾಕು, ನಾನೇ ತಿಂತೀನಿ. ಉರ್ಹೊಗೆ ಹೇಳ್ಬೇಡ, ಅವನಿಗೆ ಕರಿಮೆಣಸು ಕಂಡ್ರೇನೇ ಕಣ್ಣಲ್ಲಿ ನೀರು," ಎಂದಳು ಲೆಂಪಿ. ಉರ್ಹೊ ಅವಳ ಗಂಡ. ನಮ್ಮ ಊರಿನಲ್ಲಿ ಅರಸೆಲಿಯನ್ನು ಹಾಗೆ ಮಾತಾಡಿಸಿದ ಹೆಂಗಸರು ನನ್ನನ್ನು ಬಿಟ್ಟರೆ ಲೆಂಪಿ ಒಬ್ಬಳೇ. ದೇವರು ಅವಳನ್ನೇ ಆರಿಸಿದ.

ಒಂಬತ್ತೂವರೆಯ ಹೊತ್ತಿಗೆ ಲೆಂಪಿ ಮಾರಾಟದ ಫಲಕ ನಿಲ್ಲಿಸಲು ನಡೆದುಕೊಂಡೇ ಕೆಳಗೆ ಹೋದಳು. ಅರ್ವೊ ಬೆಳಿಗ್ಗೆ ಆಲೂಗಡ್ಡೆ ಮೂಟೆ ಇಳಿಸಲು ಪಿಕಪ್ ತಂದವನು ಶಾಲೆಯಲ್ಲೇ ಗೆಳೆಯರ ಜೊತೆ ಕಾಫಿಗೆ ಕೂತಿದ್ದ. ಪೇಸ್ಟಿ ಪೆಟ್ಟಿಗೆಗಳನ್ನು ಇಳಿಸಿಕೊಡುವೆಯಾ ಎಂದು ನಾನು ಕೇಳಿದ್ದಕ್ಕೆ, ಕಪ್ಪು ಕೆಳಗಿಡದೆ, "ಕೀ ಗಾಡೀಲೇ ಇದೆ. ಸೆಲಿ ಓಡಿಸ್ಲಿ, ಎಷ್ಟು ದಿನ ಆ ಆಟದ ಕಾರಲ್ಲೇ ಓಡಾಡ್ತಾಳೆ?" ಎಂದ. ಅರಸೆಲಿಯನ್ನು ಅವನು ಸೆಲಿ ಎನ್ನುತ್ತಾನೆ. ಗೆಳೆಯರು ನಕ್ಕರು. ಅರ್ವೊ ಅಷ್ಟೇ ಹೇಳಿದ್ದು. ಬೇರೆ ಏನೂ ಹೇಳಲಿಲ್ಲ. ಇದನ್ನು ದಯವಿಟ್ಟು ಹಾಗೆಯೇ ಬರೆದುಕೊಳ್ಳಿ.

ಪೆಟ್ಟಿಗೆಗಳನ್ನು ಹಿಂದೆ ಇಟ್ಟು, ಕೊನೆಯ ತಟ್ಟೆಯನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಶಾಲೆಯ ಅಂಗಳ ಸಮತಟ್ಟು. ಗೇಟಿನ ಹತ್ತಿರ ಅರಸೆಲಿ ಬ್ರೇಕ್ ತುಳಿದಾಗ ಗಾಡಿ ನಿಂತಿತು. ಆದರೆ ಅವಳು, "ಅತ್ತೆ, ಪೆಡಲ್ ಯಾಕೋ ಮೆತ್ತಗಿದೆ ಅಲ್ವಾ?" ಎಂದು ಕೇಳಿದಳು. "ಅರ್ವೊನ ಗಾಡಿ ಅರ್ವೊನ ಹಾಗೇ ಕಣೆ, ಎರಡು ಸಲ ಕೂಗಿದ ಮೇಲೆ ಕೇಳಿಸ್ಕೊಳ್ಳುತ್ತೆ," ಎಂದೆ. ನಗುತ್ತಾ ಹೇಳಿದೆ. ಗಾಡಿಯ ವಿಷಯ ನನಗೆ ಏನೂ ಗೊತ್ತಿರಲಿಲ್ಲ, ತಮ್ಮನ ವಿಷಯ ಮಾತ್ರ ಗೊತ್ತಿತ್ತು.

ಕ್ವಾರಿ ರಸ್ತೆ ಶಾಲೆಯಿಂದ ಚರ್ಚಿನವರೆಗೆ ಸುಮಾರು ಕಾಲು ಮೈಲಿ, ಪೂರ್ತಿ ಇಳಿಜಾರು. ರಸ್ತೆಯಲ್ಲಿ ಹಿಮವಿರಲಿಲ್ಲ, ಮಂಜುಗಡ್ಡೆಯಿರಲಿಲ್ಲ, ಚಳಿಗಾಲದ ಮರಳು ಮತ್ತು ಉಪ್ಪಿನ ಒಣಧೂಳು ಇತ್ತು. ಗಾಡಿಯ ವೇಗ ಎಷ್ಟಿತ್ತೆಂದು ಅಧಿಕಾರಿಗಳು ಕೇಳುತ್ತಿದ್ದಾರೆ. ತೊಡೆಯ ಮೇಲೆ ಬಿಸಿ ತಟ್ಟೆ ಇದ್ದದ್ದರಿಂದ ನಾನು ವೇಗ ತೋರಿಸುವ ಮುಳ್ಳನ್ನೇ ನೋಡುತ್ತಿದ್ದೆ. ಇಪ್ಪತ್ತಕ್ಕೂ ಇಪ್ಪತ್ತೈದಕ್ಕೂ ನಡುವೆ ಇತ್ತು. ಅಲ್ಲಿ ಇಪ್ಪತ್ತೈದು ಮೈಲಿಗೆ ಅನುಮತಿ ಇದೆ.

ಅಂಚೆ ಕಚೇರಿ ದಾಟಿದ ಮೇಲೆ ಇಳಿಜಾರು ಕಡಿದಾಗುತ್ತದೆ. ಅಲ್ಲಿ ಅವಳು ಬ್ರೇಕ್ ತುಳಿದಳು. ಪೆಡಲ್ ನೆಲದವರೆಗೆ ಹೋಯಿತು. ಇನ್ನೊಮ್ಮೆ, ಸೀಟಿನಿಂದ ಎದ್ದು ಮೈಭಾರವನ್ನೆಲ್ಲ ಹಾಕಿ ತುಳಿದಳು. ಕೆಳಗೆ ಎಲ್ಲೋ ಪಟ್ ಎಂದು ಸದ್ದಾಯಿತು. ಆಮೇಲೆ ಪೆಡಲ್ ಸತ್ತ ಮೀನಿನಂತೆ ಬಿದ್ದುಕೊಂಡಿತು. ಎಡಗಾಲಿನಿಂದ ಪಾರ್ಕಿಂಗ್ ಬ್ರೇಕ್ ತುಳಿದಳು, ಈ ಗಾಡಿಯಲ್ಲಿ ಅದೂ ಕಾಲಿನದೇ. ಅದೂ ಹಿಡಿಯಲಿಲ್ಲ. ಗೇರನ್ನು ಕೆಳಕ್ಕೆ ಎಳೆದಳು. ಎಂಜಿನ್ ಜೋರಾಗಿ ಕಿರುಚಿತು. ಆ ಸದ್ದನ್ನು ರಸ್ತೆಬದಿಯ ಜನ ಕೇಳಿದ್ದಾರೆ, ಕೇಳಿ ಅವಳು ಆಕ್ಸಿಲರೇಟರ್ ತುಳಿದಳೆಂದು ತೀರ್ಮಾನಿಸಿದ್ದಾರೆ. ಅವಳ ಬಲಗಾಲು ಬ್ರೇಕಿನ ಮೇಲೇ ಇತ್ತು. ನಾನು ನೋಡಿದ್ದೇನೆ. ಅವಳ ಬೂಟಿನ ಮೇಲೆ ಹಿಟ್ಟು ಬಿದ್ದಿತ್ತು, ಅದನ್ನೂ ನೋಡಿದ್ದೇನೆ.

ರಸ್ತೆಯ ಬಲಗಡೆ, ಸಭಾಂಗಣದ ಬಾಗಿಲ ಮುಂದೆ, ಪೇಸ್ಟಿಗಾಗಿ ಜನ ಸಾಲು ನಿಂತಿದ್ದರು. ಮಕ್ಕಳೂ ಇದ್ದರು. ಎಡಗಡೆ ಕಲ್ಲಿನ ತಡೆಗೋಡೆ. ಅವಳು ಗಾಡಿಯನ್ನು ಗೋಡೆಯ ಕಡೆಗೆ, ಅಂದರೆ ತಾನು ಕೂತಿದ್ದ ಕಡೆಗೇ ತಿರುಗಿಸಿ ಉಜ್ಜಿಸುತ್ತಾ ಇಳಿದಳು. ಉದ್ದಕ್ಕೂ ಹಾರ್ನ್ ಒತ್ತಿ ಹಿಡಿದಿದ್ದಳು. ಗೋಡೆ ಮುಗಿಯುವಲ್ಲಿ ಲೆಂಪಿ ಫಲಕ ನೆಡುತ್ತಿದ್ದಳು.

ಲೆಂಪಿ ತಲೆ ಎತ್ತಿ ನೋಡಿದಳು. ಅವಳಿಗೆ ಪಕ್ಕಕ್ಕೆ ಸರಿಯಲು ಸಮಯವಿತ್ತು. ಆದರೆ ನಮ್ಮ ಊರಿನಲ್ಲಿ ಗುರುತಿನ ಗಾಡಿ ಕಂಡರೆ ಹಾರ್ನ್ ಹೊಡೆಯುವುದು, ಕೈ ಬೀಸುವುದು ಮರ್ಯಾದೆ. ಅರ್ವೊ ಚರ್ಚಿನ ಮುಂದೆ ಹಾದುಹೋಗುವಾಗ ಯಾವಾಗಲೂ ಹಾಗೆಯೇ ಊದುತ್ತಾನೆ, ಸತ್ತವರನ್ನು ಎಬ್ಬಿಸುವಂತೆ. ಲೆಂಪಿ ಗುರುತಿನ ನೀಲಿ ಗಾಡಿಯನ್ನು ಕಂಡಳು, ನಕ್ಕಳು, ಹಿಟ್ಟಿನ ಕೈಯನ್ನು ಮೇಲೆತ್ತಿ ಬೀಸಿದಳು. ಬೀಸುತ್ತಾ ಅಲ್ಲೇ ನಿಂತಳು.

ಗಾಡಿ ಅವಳಿಗೆ ಗುದ್ದಿ, ಮುಂದಿನ ವಿದ್ಯುತ್ ಕಂಬಕ್ಕೆ ಬಡಿದು ನಿಂತಿತು. ನನ್ನ ತೊಡೆಯ ಮೇಲಿನ ಪೇಸ್ಟಿಗಳು ಇನ್ನೂ ಬಿಸಿಯಾಗಿದ್ದವು. ಇದನ್ನು ಯಾಕೆ ಬರೆಸುತ್ತಿದ್ದೇನೆಂದು ನನಗೇ ಗೊತ್ತಿಲ್ಲ.

ಅರಸೆಲಿಯ ಬಾಗಿಲು ತೆರೆಯಲಿಲ್ಲ. ಅವಳು ನನ್ನ ಮೇಲೆ ಹಾದು ನನ್ನ ಬಾಗಿಲಿನಿಂದ ಇಳಿದು ಓಡಿದಳು. ಅವಳ ಎಡ ಮಣಿಕಟ್ಟು ಮುರಿದಿತ್ತು, ಅವಳಿಗೆ ಅದು ತಿಳಿದಿರಲಿಲ್ಲ. ರಸ್ತೆಯ ಮೇಲೆ ಕೂತು ಲೆಂಪಿಯ ತಲೆಯನ್ನು ಮಡಿಲಲ್ಲಿ ಹಿಡಿದುಕೊಂಡಳು. ಆಂಬುಲೆನ್ಸ್ ಬರುವ ಮೊದಲು ಅರ್ವೊ ಓಡಿ ಬಂದ. ಸೊಸೆಯ ಕೈ ನೋಡಲಿಲ್ಲ. ಅವನ ಮೊದಲ ಮಾತು, "ಎಷ್ಟು ಸ್ಪೀಡಲ್ಲಿದ್ದೆ?"

"ಬ್ರೇಕ್ ಹಿಡೀಲಿಲ್ಲ ಮಾವ," ಎಂದಳು ಅವಳು.

"ಒಂದೇ ಸಲಕ್ಕೆ ಎಲ್ಲಿ ಹಿಡಿಯುತ್ತೆ? ಮೂರು ಸಲ ತುಳೀಬೇಕು! ಮೂರು ಸಲ ಬಿಟ್ಟು ಬಿಟ್ಟು ತುಳಿದ್ರೆ ನಾಲ್ಕನೇದಕ್ಕೆ ನಿಲ್ಲುತ್ತೆ. ಅಷ್ಟೂ ಗೊತ್ತಾಗಲ್ವಾ?"

ಇದನ್ನು ಅವನು ಎಲ್ಲರ ಎದುರು ಕೂಗಿ ಹೇಳಿದ. ಸುತ್ತ ನಿಂತಿದ್ದ ಗಂಡಸರು ಹೌದೆಂಬಂತೆ ತಲೆಯಾಡಿಸಿದರು. ಅವರೆಲ್ಲರಿಗೂ ಅದು ಗೊತ್ತಿತ್ತು. ಎಲ್ಲರೂ ಯಾವಾಗಲಾದರೊಮ್ಮೆ ಆ ಗಾಡಿಯನ್ನು ಒಯ್ದವರೇ. ಗಾಡಿಯ ಈ ಗುಟ್ಟು ತಿಳಿದಿರುವುದೇ ರಿಪೇರಿ ಎಂದು ಅವರ ಲೆಕ್ಕ. ಅದೇ ಅರ್ವೊ ಮರುದಿನ ನಿಮ್ಮ ಮುಂದೆ, ಬ್ರೇಕ್ ಸರಿಯಾಗಿತ್ತು, ಹುಡುಗಿ ತಪ್ಪು ಪೆಡಲ್ ತುಳಿದಳು ಎಂದು ಹೇಳಿಕೆ ಕೊಟ್ಟಿದ್ದಾನಂತೆ.

ಸೋಮವಾರ ಲೆಂಪಿ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಮಂಗಳವಾರ ನಿಮ್ಮ ಮೆಕ್ಯಾನಿಕ್ ಗಾಡಿಯನ್ನು ಎತ್ತಿ ನೋಡಿದ. ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕಿನ ಕೊಳವೆ ಹಿಂದೆಂದೋ ತುಕ್ಕು ಹಿಡಿದು ಒಡೆದಿತ್ತೆಂದೂ, ಎಣ್ಣೆ ಸೋರದಿರಲೆಂದು ಅದಕ್ಕೊಂದು ಇಕ್ಕಳ ಕಚ್ಚಿಸಿ ಹಾಗೇ ಬಿಟ್ಟಿದ್ದರೆಂದೂ, ಮುಂದಿನ ಕೊಳವೆ ಅಂದು ಒಡೆಯಿತೆಂದೂ ಅವನು ಹೇಳಿದ್ದು ಊರಿಗೆಲ್ಲ ತಿಳಿಯಿತು. ಇಕ್ಕಳದ ಮೇಲೂ ತುಕ್ಕು ಹಿಡಿದಿತ್ತಂತೆ. ನಾನು ಅರ್ವೊನನ್ನು ಕೇಳಿದೆ. ಕಳೆದ ಶರತ್ಕಾಲದಲ್ಲಿ, ಜಿಂಕೆ ಬೇಟೆಯ ಹೊತ್ತಿನಲ್ಲಿ ತಾನೇ ಕಚ್ಚಿಸಿದ್ದಾಗಿ ಒಪ್ಪಿದ. "ಮುಂದಿನ ಎರಡಕ್ಕೆ ಬ್ರೇಕ್ ಇದ್ರೆ ಸಾಕಕ್ಕ, ಹಿಂದಿನ ಎರಡು ಸುಮ್ನೆ ಹಿಂದೆ ಬರ್ತವೆ," ಎಂದ. ಈ ತಮಾಷೆಯನ್ನು ಅವನು ಚಳಿಗಾಲವೆಲ್ಲ ಕಾಫಿ ಅಂಗಡಿಯಲ್ಲಿ ಹೇಳಿ ನಗಿಸಿರಬೇಕು, ಬಾಯಿಗೆ ಅಷ್ಟು ಸಲೀಸಾಗಿ ಬಂತು.

ಇಷ್ಟು ತಿಳಿದ ಮೇಲಾದರೂ ಜನ ಬಾಯಿ ಮುಚ್ಚುತ್ತಾರೆಂದು ನಾನು ಎಣಿಸಿದ್ದೆ. ಬಿದ್ದವರಿಗೆ ಆಳಿಗೊಂದು ಕಲ್ಲು. ಮರುಭೂಮಿಯವಳಿಗೆ ಹಿಮದಲ್ಲಿ ಓಡಿಸಲು ಬರುವುದಿಲ್ಲ ಎಂದರು. ಯಾವ ಹಿಮ? ಬೇಕರಿಯಲ್ಲಿ ನನ್ನ ಕಿವಿಗೆ ಬೀಳಲೆಂದೇ ಒಬ್ಬಾತ, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದ. ನೆಲ ನಿಜವಾಗಿಯೂ ಡೊಂಕಿತ್ತು, ನಾವೇ ಡೊಂಕು ಮಾಡಿಟ್ಟಿದ್ದೆವು ಎಂದು ಅವನಿಗೆ ಹೇಳಿ, ಬ್ರೆಡ್ ಕೊಳ್ಳದೆ ಬಂದೆ. ನೀಲೊ ಹಡಗಿನಿಂದ ಫೋನ್ ಮಾಡಿ ಹೆಂಡತಿಯನ್ನು ಕೇಳಿದ್ದೂ ಅಪ್ಪನ ಪ್ರಶ್ನೆಯನ್ನೇ, ಎಷ್ಟು ವೇಗದಲ್ಲಿದ್ದೆ ಎಂದು.

ಗುರುವಾರ ಶವಸಂಸ್ಕಾರ. ಅರಸೆಲಿ ಹೋಗುವುದು ಬೇಡವೆಂದು ಅರ್ವೊ ಹೇಳಿದ. ನಾನು ಕರೆದುಕೊಂಡು ಹೋದೆ. ಊಟದ ಹೊತ್ತಿನಲ್ಲಿ ಉರ್ಹೊ ಎದ್ದು ಬಂದು ಅರ್ವೊನ ಕೈ ಹಿಡಿದುಕೊಂಡ. "ಏನ್ ಮಾಡೋಕಾಗುತ್ತೆ ಅರ್ವೊ, ಕಬ್ಬಿಣ ಅಂದ್ಮೇಲೆ ತುಕ್ಕು ಹಿಡಿಯುತ್ತೆ. ನಿನ್ನ ತಪ್ಪೇನಿದೆ," ಎಂದ. ಪಕ್ಕದಲ್ಲೇ ಅರಸೆಲಿ ಪಟ್ಟಿ ಕಟ್ಟಿದ ಕೈಯಲ್ಲಿ ನಿಂತಿದ್ದಳು. ಇನ್ನೊಂದು ಕೈಯನ್ನು ಮುಂದೆ ಚಾಚಿದಳು. ಅವನು ಆ ಕೈಯನ್ನು ನೋಡಿ, ನನ್ನನ್ನು ನೋಡಿ, ಹೊರಗೆ ಹೋದ. ಅವನ ಹೆಂಡತಿ ಸತ್ತಿದ್ದಾಳೆ, ನಾನು ಅವನನ್ನು ಬೈಯಲಾರೆ. ಆದರೆ ಅವನ ಹಿಂದೆಯೇ ಅಂಗಳಕ್ಕೆ ಬಂದ ನನಗೆ ಕಂಡದ್ದನ್ನು ಹೇಳಲೇಬೇಕು. ಅವನು ತನ್ನ ಪಿಕಪ್ ಹತ್ತಿದ. ಹೊರಡುವ ಮುನ್ನ ಹಿಂದಿನ ಕೆಂಪು ಬ್ರೇಕ್ ದೀಪ ಹತ್ತಿ ಆರಿತು, ಹತ್ತಿ ಆರಿತು, ಮತ್ತೆ ಹತ್ತಿ ಆರಿತು. ಆಮೇಲೆ ಗಾಡಿ ಚಲಿಸಿತು.

ನಿನ್ನೆ, ಶುಕ್ರವಾರ, ಅರ್ವೊ ನನ್ನ ಮನೆಗೆ ಬಂದ. ಹುಡುಗಿ ವೇಗವಾಗಿ ಓಡಿಸುತ್ತಿದ್ದಳೆಂದು ನಾನು ಒಂದು ಮಾತು ಹೇಳಬೇಕೆಂದು ಕೇಳಿಕೊಂಡ.

"ಅವಳು ಚಿಕ್ಕವಳಕ್ಕ, ತಡ್ಕೋತಾಳೆ. ಹೆಚ್ಚೂ ಕಮ್ಮಿ ಆದ್ರೆ ತವರಿಗೆ ಹೋಗ್ತಾಳೆ. ನಾನು ಈ ಊರಲ್ಲೇ ಸಾಯ್ಬೇಕು."

"ನಿನ್ನ ಸಾವು ಇರ್ಲಿ ಕಣೋ. ಅವಳು ಬದುಕೋದು ಎಲ್ಲಿ?" ಎಂದೆ.

"ರಕ್ತ ಸಂಬಂಧ ಅಂತ ಒಂದು ಇಲ್ವಾ?"

"ಇದೆ. ಅದಕ್ಕೇ ನಿನ್ನನ್ನ ಇನ್ನೂ ಒಳಗೆ ಕೂರಿಸಿದೀನಿ."

ಅವನು ಅತ್ತ. ನನ್ನ ತಮ್ಮ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಈ ಹೇಳಿಕೆ ಸುಲಭವಾಗುತ್ತಿತ್ತು.

ಇಂದು ಬೆಳಿಗ್ಗೆ ಅರಸೆಲಿಯ ತಲೆ ಬಾಚಲು ಹೋಗಿದ್ದೆ, ಒಂದು ಕೈಯಲ್ಲಿ ಅವಳಿಗೆ ಆಗುವುದಿಲ್ಲ. ಸೋಮವಾರ ಅವಳ ಹೇಳಿಕೆಗೆ ನೀವು ಬರಹೇಳಿದ್ದೀರಿ. ಹೋಗಿ ಎಲ್ಲ ತನ್ನದೇ ತಪ್ಪೆಂದು ಬರೆದುಕೊಡುವುದಾಗಿ ಹೇಳಿದಳು. ಯಾಕೆಂದು ಕೇಳಿದೆ. ಬಾಚಣಿಗೆ ಹಿಡಿದ ನನ್ನ ಕೈಯನ್ನು ನಿಲ್ಲಿಸಿ, "ಎಲ್ರೂ ಹೇಳ್ತಿದಾರಲ್ಲ ಅತ್ತೆ. ನಂಗೂ ಈಗ ಕಾಲು ಎಲ್ಲಿತ್ತು ಅಂತ ನೆನಪು ಬರ್ತಿಲ್ಲ. ನಾನು ನಿಜವಾಗ್ಲೂ ಬ್ರೇಕ್ ತುಳಿದ್ನಾ?" ಎಂದು ಕೇಳಿದಳು.

ತುಳಿದೆ ಎಂದೆ. ಅವಳು ನಂಬಲಿಲ್ಲ. ತನ್ನ ಮೇಲಿನ ಪ್ರೀತಿಗೆ ನಾನು ಹಾಗೆ ಹೇಳುತ್ತಿದ್ದೇನೆ ಎಂದಳು. ಬಾಚಣಿಗೆ ಇಟ್ಟು ನೇರ ಇಲ್ಲಿಗೆ ಬಂದೆ.

ಅರ್ವೊನ ಮೇಲೆ ಯಾವ ಕ್ರಮವೆಂಬುದು ಕಾನೂನಿಗೆ ಬಿಟ್ಟದ್ದು, ನಾನು ಅದನ್ನು ಕೇಳಲು ಬಂದಿಲ್ಲ. ನಾನು ಕೇಳುವುದು ಇಷ್ಟೇ: ಸೋಮವಾರ ಅವಳ ಕೈಗೆ ಪೆನ್ನು ಕೊಡುವ ಮೊದಲು ಈ ಹೇಳಿಕೆಯನ್ನು ಅವಳಿಗೆ ಓದಿ ಹೇಳಿ. ಅತ್ತೆಯ ಮಾತಾಗಿ ಬೇಡ, ಠಾಣೆಯ ಮೊಹರು ಬಿದ್ದ ಕಾಗದವಾಗಿ ಓದಿ. ಅವಳು ಬ್ರೇಕ್ ತುಳಿದಳು. ಎರಡು ಸಲ ತುಳಿದಳು.

ಬರೆದುಕೊಂಡದ್ದನ್ನು ನನಗೆ ಓದಿ ತೋರಿಸಿದರು. ನಾನು ಹೇಳಿದಂತೆಯೇ ಇದೆ, ಯಾರ ಒತ್ತಾಯಕ್ಕೂ ಹೇಳಿದ್ದಲ್ಲ.

ಕೆಟಲ್ ಹಿಲ್ ಠಾಣೆ
6 ಮೇ 2023, ಶನಿವಾರ

(ಸಹಿ) ಸೈಮಾ ರಿಂತಾಮಾಕಿ