ಚೌಳು ಹೊಲದ ಜಾಲಿ

ಎಂಬತ್ತೆರಡರ ಮುಂಗಾರು. ಜಗಳೂರು ಬಸ್ ಸ್ಟ್ಯಾಂಡಿನಲ್ಲಿ ನನ್ನ ಬೆನ್ನಿಗೇ ಇಬ್ಬರು ವಾರಗಿತ್ತಿಯರು ಕೂತಿದ್ದರು. ಹಿರಿಯಾಕೆ ದುರುಗಮ್ಮನ ದನಿಯಲ್ಲಿ ಸಾಸಿವೆ ಸಿಡಿಯುತ್ತಿತ್ತು.

“ಪಾಲಿನಾಗೆ ಎರೆಹೊಲ ನಾವಿಟ್ಕಂಡು ನಿಮಗೆ ಬೆಳೆ ಬಾರದ ಚೌಳು ಕೊಟ್ವಿ. ಅದ್ರಾಗೂ ಬಳ್ಳಾರಿ ಜಾಲಿ ಎದ್ದು, ಕಾಯಿ ತಿಂದು ನಿನ್ನ ಆಡು ಗುಂಡಗಾದ್ವಲ್ಲೇ ಗಾದ್ರಮ್ಮ!”

“ಹೊಟ್ಟೆ ಉರೀತೈತೇನಕ್ಕಾ?”

“ಮುಳ್ಳುಗಿಡಕ್ಕೆ ಯಾರು ಉರ್ಕಂತಾರೆ?”

“ಮತ್ತೆ ನಾನು ಸಂತೆಗೆ ಹೋದಾಗ ನಿನ್ನ ಆಡು ಅಲ್ಲಿಗ್ಯಾಕೆ ಹೊಡಿತಿದ್ದೆ?”

“ಯಾರು ಹೇಳಿದ್ರು ನಿಂಗೆ?”

“ನಿನ್ನ ಹೊಲಾನೇ ಹೇಳ್ತು. ಆ ಆಡಿನ ಹಿಕ್ಕೆನೇ ಅಲ್ವಾ ಗೊಬ್ಬರ ಹಾಕಿದ್ದು? ತಿಂದ ಬೀಜ ಮಳೆಗೆ ಮೊಳೆತು, ಎರೆಹೊಲದ ತುಂಬ ಜಾಲಿ ಸಸಿ ಎದ್ದಾವೆ.”

ಬಸ್ಸು ಬಂತು.

“ಏಳಕ್ಕಾ. ಇನ್ನು ನಿನ್ನ ಆಡು ಕದ್ದು ಮೇಸೋ ಕಷ್ಟ ಇಲ್ಲ.”

ಗಾದ್ರಮ್ಮ ಹತ್ತಿದಳು. ದುರುಗಮ್ಮ ಮುಂದಿನ ಬಸ್ಸಿಗೆ ಉಳಿದಳು.