ಅಂಚು ಕತ್ತರಿಸಿದವನ ಎರಡು ಮಾತು

ವೇದಿಕೆಯನ್ನು ಬೆಳಗುತ್ತಿರುವ ಅಧ್ಯಕ್ಷರೇ, ಸನ್ಮಾನಕ್ಕೆಂದು ಹೊಸ ಬಟ್ಟೆ ತೊಟ್ಟು ಕುಳಿತಿರುವ ಭಾವೀ ವೈದ್ಯರೇ, ತಾವೇ ಪರೀಕ್ಷೆ ಬರೆದವರಂತೆ ದಣಿದಿರುವ ತಾಯ್ತಂದೆಯರೇ, ಮತ್ತು ನನ್ನ ಪ್ರೀತಿಯ ಸಭಿಕರೇ,

ಈ ಮೈಕನ್ನು ಸ್ವಲ್ಪ ಆಚೆ ಸರಿಸುತ್ತೇನೆ. ನಾಟಕದ ಕಂಪನಿಯಲ್ಲಿ ಹನ್ನೆರಡು ವರ್ಷ ಸೇನಾಪತಿಯಾಗಿ ಗರ್ಜಿಸಿದ ಗಂಟಲಿದು. ಕೊನೆಯ ಸಾಲಿನವರು ನಿದ್ದೆ ಹೋಗಿದ್ದರೂ ಎಬ್ಬಿಸಬಲ್ಲದು. ಕಂಪನಿ ಮುಚ್ಚಿತು. ಸೇನಾಪತಿ ಖಡ್ಗ ಕೆಳಗಿಟ್ಟು ಇದೇ ಗ್ರಂಥಾಲಯದಲ್ಲಿ ಪುಸ್ತಕ ಬೈಂಡ್ ಮಾಡಲು ಕುಳಿತ. ಇಪ್ಪತ್ತಮೂರು ವರ್ಷವಾಯಿತು.

ವೈದ್ಯಕೀಯ ಸೀಟು ಬೇಕೆನ್ನುವವರು ಏನು ಓದಬೇಕು ಎಂದು ಹೇಳಿ ಎಂದಿದ್ದಾರೆ ನಮ್ಮ ಗ್ರಂಥಪಾಲಕರು. ಓದಿದವಳು ನನ್ನ ಮಗಳು, ಹೇಳುವವನು ನಾನು. ಇರಲಿ. ಶಾಲೆಯ ಪಠ್ಯಪುಸ್ತಕ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಗಡಿಯಾರ ಎದುರಿಗಿಟ್ಟುಕೊಂಡು ಬರೆಯುವ ಮಾದರಿ ಪರೀಕ್ಷೆ. ಇವು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಯಾವುದು? ಈ ಗ್ರಂಥಾಲಯದ ಜೀವಶಾಸ್ತ್ರದ ಹಳೆಯ ಪ್ರತಿ. ಅದರ ಅಂಚಿನಲ್ಲಿ ನಿಮಗಿಂತ ಮುಂಚೆ ಪರೀಕ್ಷೆ ಬರೆದವರು ಹತ್ತು ವರ್ಷ ಪೆನ್ಸಿಲಿನಲ್ಲಿ ಬರೆದಿಟ್ಟ ಟಿಪ್ಪಣಿಗಳಿದ್ದವು. ಇಲ್ಲಿ ಎಡವಬೇಡ, ಇದನ್ನು ಹೀಗೆ ನೆನಪಿಡು, ಇದು ಮೂರು ಸಲ ಬಂದಿದೆ.

ಇದ್ದವು ಎಂದೆ. ಏಕೆಂದರೆ ಬೆನ್ನು ಕಿತ್ತುಹೋಗಿ ಆ ಪುಸ್ತಕ ನನ್ನ ಮೇಜಿಗೆ ಬಂತು. ಹೊಲಿದೆ, ಅಂಟು ಬಳಿದೆ, ಕಟಿಂಗ್ ಮೆಷಿನ್ನಿಗಿಟ್ಟು ಮೂರೂ ಕಡೆ ಬೆರಳಗಲ ಅಂಚು ಕತ್ತರಿಸಿದೆ. ಮದುಮಗನಂತೆ ಹೊಳೆಯಿತು. ಮಗಳಿಗೆ ತೋರಿಸಿದೆ. ಅವಳು ಪುಟ ತಿರುವಿದಳು.

“ಅಪ್ಪಾ, ಅಂಚಲ್ಲಿ ಬರ್ದಿದ್ದೆಲ್ಲ ಎಲ್ಲಿ?”

“ಯಾರೋ ಗೀಚಿದ್ರು ಕಣಮ್ಮಾ, ತೆಗ್ದೆ.”

ಪರೀಕ್ಷೆಗೆ ಎರಡು ತಿಂಗಳಿತ್ತು. ಹನ್ನೊಂದು ಅಂಕದಲ್ಲಿ ಸೀಟು ತಪ್ಪಿತು. ಅವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಅನ್ನ ಇಳಿಯುತ್ತಿತ್ತು.

ಆ ಪುಸ್ತಕ ಎರವಲು ಪಡೆದವರನ್ನು ರಿಜಿಸ್ಟರಿನಲ್ಲಿ ಹುಡುಕಿದೆ. ಪುಸ್ತಕ ಬಿಚ್ಚಿ, ಪ್ರತಿ ಹಾಳೆಯ ಪಕ್ಕ ಒಂದು ಖಾಲಿ ಹಾಳೆ ಸೇರಿಸಿ ಮತ್ತೆ ಹೊಲಿದೆ. ಕಂಕುಳಲ್ಲಿಟ್ಟುಕೊಂಡು ಒಬ್ಬೊಬ್ಬರ ಬಾಗಿಲು ತಟ್ಟಿದೆ. ಅವರಲ್ಲಿ ಈಗ ಡಾಕ್ಟರಾಗಿರುವ ಏಳು ಜನ ನೆನಪಿದ್ದಷ್ಟನ್ನು ಬರೆದುಕೊಟ್ಟರು. ಕಣ್ಣಿನ ಡಾಕ್ಟರ ಅಕ್ಷರ ಮಾತ್ರ ಯಾರ ಕಣ್ಣಿಗೂ ಹತ್ತಲಿಲ್ಲ. ಔಷಧಿ ಅಂಗಡಿಯವನಿಗೆ ತೋರಿಸಿದೆ. “ಇದ್ರಲ್ಲಿ ಮಾತ್ರೆ ಇಲ್ಲ ಯಜಮಾನ್ರೇ, ಬರೀ ಮೂತ್ರಪಿಂಡ ಇದೆ” ಅಂದ.

ಈ ವರ್ಷ ನನ್ನ ಮಗಳಿಗೆ ಸೀಟು ಸಿಕ್ಕಿದೆ. ಸರ್ಕಾರಿ ಕಾಲೇಜು. ನೋಡಿ, ಮೂರನೇ ಸಾಲು, ನೀಲಿ ಬಟ್ಟೆ. ಅಪ್ಪನ ದನಿ ಕೇಳಿ ತಲೆ ತಗ್ಗಿಸಿದ್ದಾಳೆ.

ನಿನ್ನೆ ಅವಳು ಪುಸ್ತಕ ಹಿಂದಿರುಗಿಸಿದಳು. ಹೊಲಿಗೆ ನೋಡುವ ನೆಪದಲ್ಲಿ ತೆರೆದೆ. ಹೃದಯದ ಚಿತ್ರದ ಎದುರಿನ ಹಾಳೆಯಲ್ಲಿ ಅವಳ ಅಕ್ಷರ: ‘ಮೊದಲ ಸಲ ಇಲ್ಲಿಯೇ ಮೂರು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟೆ, ತಪ್ಪಿಗೆ ಕಳೆಯುವ ಅಂಕವೂ ಸೇರಿ ಹದಿನೈದು ಅಂಕ ಹೋಯಿತು. ಚಿತ್ರದ ಕೆಳಗಿನ ಸಣ್ಣಕ್ಷರ ನಾನು ಓದಿರಲಿಲ್ಲ. ಅದು ಅಂಚಿನಲ್ಲಿರಲಿಲ್ಲ, ಪುಸ್ತಕದಲ್ಲೇ ಇತ್ತು. ಅಪ್ಪ ಇದನ್ನು ಓದುತ್ತಾರೆಂದು ಗೊತ್ತು.’

ಆದ್ದರಿಂದ, ಮುಂದಿನ ವರ್ಷ ಪರೀಕ್ಷೆ ಬರೆಯುವ ಮಕ್ಕಳೇ, ಚಿತ್ರದ ಕೆಳಗಿನ ಸಣ್ಣಕ್ಷರ ಓದಿ. ಇದಕ್ಕಿಂತ ದೊಡ್ಡ ಸಲಹೆ ನನ್ನಲ್ಲಿಲ್ಲ. ಆ ಏಳು ಡಾಕ್ಟರುಗಳಿಗೂ, ಕೂತು ಕೇಳಿದ ನಿಮಗೂ, ಮೂರನೇ ಸಾಲಿನ ನನ್ನ ಡಾಕ್ಟರಮ್ಮನಿಗೂ ಋಣಿ. ನಮಸ್ಕಾರ.