ಸೀರೆಗೊಂದು ಸರ್ಟಿಫಿಕೇಟು

ತೆಲಂಗಾಣ ಬೇರೆ ರಾಜ್ಯವಾದ ಎರಡನೇ ವರ್ಷ, ಮಕ್ತಲ್ ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರ ನೇಕಾರ ಕರಿಬಸಯ್ಯನವರೂ ಅವರ ಹೆಂಡತಿ ವೀರಬಸಮ್ಮನವರೂ ನನ್ನ ಪಕ್ಕದಲ್ಲೇ ಕೂತಿದ್ದರು.

“ನಿನ್ನ ಮದುವಿ ಸೀರಿ ಕೊಡು. ರಾಜ್ಯದ ಹಬ್ಬಕ್ಕ ನೇಕಾರರ ಸಂಘದ ನಾಟಕದಾಗ ನಾನೇ ಸೀರಿ.”

“ಸೀರಿ ಉಟ್ಟ ಹೆಂಗಸೇನ್ರಿ?”

“ಹೆಂಗಸಲ್ಲ, ಸೀರಿನೇ. ತಹಸೀಲ್ದಾರ್ ಕಚೇರಿಗೆ ಹೋಗಿ, ನಾನು ತೆಲಂಗಾಣದಾಕಿ ಅಂತ ಸರ್ಟಿಫಿಕೇಟ್ ಕೇಳ್ತೀನಿ.”

“ಈ ಹುಚ್ಚು ಎಲ್ಲಿಂದ ಬಂತು?”

“ಮಗಳ ಫೋನಿನಾಗ ನೋಡಿದೆ. ಲಂಡನ್ನಿನ ಹಳೇ ಟೀವಿ ನಗಿಯಾಟ. ಗಂಡಸರೇ ಮುದುಕೀರ ವೇಷ ಹಾಕ್ತಾರ. ಸೂಟಿನ ಸಾಹೇಬ ಎಂಥಾ ಹುಚ್ಚು ಮಾತನ್ನೂ ನಗದಂಗ ಆಡ್ತಾನ.”

“ಕೊನೀಗೆ ಸರ್ಟಿಫಿಕೇಟ್ ಸಿಗತೈತೇನು?”

“ಕೊನಿನೇ ಇಲ್ಲ. ಆ ಲಂಡನ್ನಿನವರ ಆಟನೂ ಹಂಗ ನಡುವೇ ನಿಂತುಬಿಡತೈತಿ. ಆದ್ರ ನಮ್ಮಾಗ ನಗದೇ ಇರೋ ತಹಸೀಲ್ದಾರ್ ಸಿಗವಲ್ಲ. ನಾಟಕನೇ ನಿಲ್ಲೋ ಹಂಗೈತಿ.”

ವೀರಬಸಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

“ಏನಮ್ಮಾ ಸೀರಿ, ತಂದಿ ಹೆಸರೇನು?”

ಕರಿಬಸಯ್ಯ ಟವೆಲನ್ನು ಸೆರಗಿನಂತೆ ಹೊದ್ದುಕೊಂಡರು. “ಮಗ್ಗ, ಸಾಹೇಬ್ರ.”

“ನಾಳೆ ಕರ್ಕೊಂಡು ಬಾ. ಸಹಿ ಬೇಕು.”

“ಮನಿ ನೆಲದ ಕುಣ್ಯಾಗ ಕುಂತೈತ್ರಿ, ಎದ್ದು ಬರಾಂಗಿಲ್ಲ.”

ನಾನು ನಕ್ಕುಬಿಟ್ಟೆ. ಕರಿಬಸಯ್ಯನವರೂ ನಕ್ಕರು. ಆಕೆ ಮಾತ್ರ ನಗಲಿಲ್ಲ.

“ಸೀರಿ ಕೊಡ್ತೀನಿ. ತಹಸೀಲ್ದಾರ್ ನಾನೇ,” ಎಂದು ಎದ್ದರು.

ಗದ್ವಾಲ ಬಸ್ಸು ಬಂದಿತ್ತು. ಮೊದಲು ಹತ್ತಿದ ಆಕೆ ಕಿಟಕಿಯಿಂದ ಗಂಭೀರವಾಗಿ ಕೂಗಿದರು.

“ಬಾರಮ್ಮಾ ಸೀರಿ, ಲೇಡೀಸ್ ಸೀಟು ಖಾಲಿ ಐತಿ.”